ಗುಂಡಿ ಕೂಡಿಸಿದ ನಂಟು

ಇಂಗ್ಲಿಷರು ತಮ್ಮ ಪಾಡಿಗೆ ತಾವಿರುವ ಜನ, ಪಕ್ಕದ ಮನೆಗೆ ಬೆಂಕಿ ಬಿದ್ದರೂ ಯಾರಾದರೂ ಪರಿಚಯ ಮಾಡಿಸುವ ತನಕ ನೀರು ಹಾಕುವುದಿಲ್ಲ ಅಂತ ನಮ್ಮವರಲ್ಲೊಂದು ನಂಬಿಕೆ ಉಂಟು. ಈ ನಂಬಿಕೆಯವರೆಲ್ಲ ಲಂಡನ್ನು ನೋಡಿ ವಾಪಸಾದವರು. ಹಳ್ಳಿ ಕಡೆ ಕಾಲಿಟ್ಟವರಲ್ಲ.

ನಾವಿರುವುದು ಹೆರೆಫರ್ಡ್‌ಶೈರಿನಲ್ಲಿ. ವೇಲ್ಸ್ ಗಡಿಗೆ ಒತ್ತಿಕೊಂಡ ಜಿಲ್ಲೆ. ಸೈಡರ್ ಸೇಬಿನ ತೋಟ, ಕೆಂಪು ಮೈ ಬಿಳಿ ಮುಖದ ದನ, ಎದುರಿಗೊಂದು ಗಾಡಿ ಬಂದರೆ ಇಬ್ಬರಲ್ಲೊಬ್ಬರು ಹಿಂದಕ್ಕೆ ಸರಿಯಲೇಬೇಕಾದ ಸಂದಿರಸ್ತೆ. ಹೆಂಡತಿಗೆ ಪಟ್ಟಣದ ಆಸ್ಪತ್ರೆಯಲ್ಲಿ ಕೆಲಸ, ನನಗೆ ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕೆಲಸ. ಹಾಗಾಗಿ ಊರಿನ ವಿದ್ಯಮಾನವೆಲ್ಲ ನನ್ನ ಪಾಲಿನ ಖಾತೆ. ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ನಮ್ಮೂರ ಪಂಚಾಯಿತಿಯಂಥ ಪ್ಯಾರಿಷ್ ಕೌನ್ಸಿಲ್ಲಿನ ಮುಂದಿನ ಸಭೆಯಲ್ಲಿ ಅದೂ ಒಂದು ವಿಷಯವಾಗಿ ಬಂದೀತು. ನೆರೆಯವರ ಹೆಸರೂ ಹೇಳುವುದಿಲ್ಲ. ಎಂಬತ್ತು ದಾಟಿದವರೂ ಇಲ್ಲಿ ಬರಿಯ ಹೆಸರು ಹಿಡಿದು ಕರೆಯಿರಿ ಅನ್ನುತ್ತಾರೆ, ನಮ್ಮ ನಾಲಿಗೆ ಹೊರಳುವುದಿಲ್ಲ. ಅದಕ್ಕೇ ಮನೆಯೊಳಗೆ ನಾವೇ ನಾಮಕರಣ ಮಾಡಿಕೊಂಡಿದ್ದೇವೆ. ಎಡಗಡೆಯ ಹಳೇ ಬಂಗಲೆಯಲ್ಲಿ ಮೇಜರ್ ಸಾಹೇಬರು, ಸೈನ್ಯದಿಂದ ನಿವೃತ್ತರು. ಬಲಗಡೆಯ ಹಳೇ ಕಣಜದಲ್ಲಿ ಲಂಡನ್ ದಂಪತಿ, ಹಳ್ಳಿಯ ನೆಮ್ಮದಿ ಹುಡುಕಿಕೊಂಡು ಬಂದವರು. ರಸ್ತೆಯಾಚೆ ಮೊಟ್ಟೆ ಅಜ್ಜಿ. ಒಂದು ಕಾಲದಲ್ಲಿ ಈಚೆ ಬದಿಯದೆಲ್ಲ ಒಬ್ಬನೇ ರೈತನ ಮನೆ, ಕಣಜ, ಕೊಟ್ಟಿಗೆ. ನಮ್ಮದು ಕೊಟ್ಟಿಗೆ. ಮೈಸೂರಿನಿಂದ ಬಂದಿಳಿದ ಅಪ್ಪ ಮನೆಯನ್ನೊಂದು ಸುತ್ತು ಹಾಕಿ, ಗೋಡೆ ತಟ್ಟಿ, "ಅಷ್ಟು ದುಡ್ಡು ಸುರಿದು ಕೊಟ್ಟಿಗೆ ಕೊಂಡೆಯೇನೋ?" ಅಂದಿದ್ದರು.

ಸಂಬಳ ಎಷ್ಟು, ಮನೆ ಸ್ವಂತದ್ದೋ ಬಾಡಿಗೆಯೋ, ಮಗು ಒಂದೇ ಯಾಕೆ ಎಂಬಂಥ, ನಮ್ಮ ಕಡೆ ಮೊದಲ ಐದು ನಿಮಿಷದಲ್ಲೇ ಮುಗಿದುಹೋಗುವ ಪ್ರಶ್ನೆಗಳನ್ನು ಇಲ್ಲಿ ಜೀವಮಾನವೆಲ್ಲ ಜೊತೆಗಿದ್ದರೂ ಕೇಳುವುದಿಲ್ಲ. ಅದು ನಿಜ. ಆದರೆ ನಾವು ಸಾಮಾನು ಇಳಿಸುತ್ತಿರುವಾಗಲೇ ಮೇಜರ್ ಸಾಹೇಬರು ಬೇಲಿಯ ಪಕ್ಕ ಬಂದು ನಿಂತು, ಹವೆಯ ಬಗ್ಗೆ ಎರಡು ಮಾತಾಡಿ, ಗಂಟಲು ಸರಿಮಾಡಿಕೊಂಡು ಕೇಳಿದ ಮೊದಲ ಪ್ರಶ್ನೆ: "ಟ್ಯಾಂಕಿನಲ್ಲಿ ಎಣ್ಣೆ ಎಷ್ಟು ಬಿಟ್ಟು ಹೋಗಿದ್ದಾರೆ?"

ಎಣ್ಣೆ ಅಡುಗೆಗಲ್ಲ, ಮನೆ ಬೆಚ್ಚಗಿಡುವುದಕ್ಕೆ. ಪಟ್ಟಣದ ಅಂಚಿಗೆ ಬಂದ ಗ್ಯಾಸಿನ ಪೈಪು ಅಲ್ಲೇ ದಣಿವಾರಿಸಿಕೊಳ್ಳುತ್ತ ಕೂತಿದೆ, ಮುಂದಕ್ಕೆ ಬಂದಿಲ್ಲ. ಹಾಗಾಗಿ ಹಳ್ಳಿಯಲ್ಲಿ ಹಿತ್ತಿಲಿಗೊಂದು ಹಸಿರು ಪ್ಲಾಸ್ಟಿಕ್ ಟ್ಯಾಂಕು, ಸಾವಿರ ಲೀಟರಿನದೋ ಅದಕ್ಕೂ ದೊಡ್ಡದೋ, ಅದರ ತುಂಬ ಸೀಮೆಎಣ್ಣೆ. ನ್ಯಾಯಬೆಲೆ ಅಂಗಡಿಯ ಮುಂದೆ ಕ್ಯಾನು ಸಾಲಾಗಿಟ್ಟು ನಾವು ಕಾದು ನಿಲ್ಲುತ್ತಿದ್ದೆವಲ್ಲ, ಅದೇ. ಅಮ್ಮನಿಗೆ ಇದನ್ನು ನಂಬಿಸುವುದೇ ಕಷ್ಟವಾಯಿತು. "ನಾವು ಬಿಟ್ಟು ಎಷ್ಟು ಕಾಲವಾಯ್ತು, ಇವರಿನ್ನೂ ಸೀಮೆಎಣ್ಣೆಯಲ್ಲೇ ಇದ್ದಾರಾ?" ಅಂತ ಮರುಕಪಟ್ಟರು.

ಟ್ಯಾಂಕರಿನವರು ಸಾಮಾನ್ಯವಾಗಿ 500 ಲೀಟರಿಗಿಂತ ಕಡಿಮೆ ಹಾಕುವುದಿಲ್ಲ. ಒಬ್ಬೊಬ್ಬರೇ ಫೋನು ಮಾಡಿದರೆ ಒಬ್ಬೊಬ್ಬರಿಗೆ ಒಂದೊಂದು ದರ. ಅದಕ್ಕೇ ಊರಿನವರೆಲ್ಲ ಸೇರಿ ಒಂದು ಎಣ್ಣೆ ಕೂಟ ಮಾಡಿಕೊಳ್ಳುತ್ತಾರೆ. ಇಂಗ್ಲೆಂಡಿನ ಹಳ್ಳಿಹಳ್ಳಿಯಲ್ಲೂ ಇಂಥದ್ದಿದೆ. ಒಬ್ಬರು ಎಲ್ಲರ ಬೇಡಿಕೆ ಕೂಡಿಸಿ, ನಾಲ್ಕಾರು ಕಂಪನಿಗಳ ಜೊತೆ ಚೌಕಾಸಿ ಮಾಡಿ, ಒಂದೇ ದರ ಕುದುರಿಸಿ, ಒಂದೇ ದಿನ ಟ್ಯಾಂಕರು ತರಿಸುವುದು. ನಮ್ಮೂರಲ್ಲಿ ಆ ಒಬ್ಬರು ಮೇಜರ್ ಸಾಹೇಬರು. ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಲೀಟರಿನ ಲೆಕ್ಕ ತಲುಪಬೇಕು. ಹನ್ನೆರಡು ಹೊಡೆದ ಮೇಲೆ ದೊರೆ ಬಂದು ಬಾಗಿಲು ಬಡಿದರೂ ಪಟ್ಟಿ ತೆರೆಯುವುದಿಲ್ಲ. ಟ್ಯಾಂಕಿನಲ್ಲಿ ಎಣ್ಣೆ ಎಷ್ಟಿದೆ ಎಂದು ತಿಳಿಸುವ ಯಂತ್ರಗಳು ಬಂದಿವೆ, ಅಡುಗೆಮನೆಯಲ್ಲಿ ಕೂತೇ ನೋಡಬಹುದು. ಮೇಜರರಿಗೆ ಅದರಲ್ಲಿ ವಿಶ್ವಾಸವಿಲ್ಲ. ಬಿದಿರು ಕಡ್ಡಿಗೆ ಗೀಟು ಹಾಕಿ ಇಟ್ಟುಕೊಂಡಿದ್ದಾರೆ. ಅದನ್ನು ಟ್ಯಾಂಕಿಗೆ ಇಳಿಸಿ, ಎತ್ತಿ, ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುವ ಗಾಂಭೀರ್ಯ ನೋಡಬೇಕು. ಒಂದು ಸಾಮ್ರಾಜ್ಯ ಆಳಿದ ಜನ ಎಂಬುದು ಆಗ ನಂಬಿಕೆಗೆ ಬರುತ್ತದೆ.

ಎಣ್ಣೆಯ ಪಟ್ಟಿ ಯಾರ ಕೈಯಲ್ಲಿದೆಯೋ ಊರಿನ ಗುಟ್ಟೆಲ್ಲ ಅವರ ಕೈಯಲ್ಲಿ. ಯಾರ ಮನೆಗೆ ಮಗ ವಾಪಸು ಬಂದಿದ್ದಾನೆ, ಯಾರು ಒಂದೇ ಕೋಣೆ ಬೆಚ್ಚಗಿಟ್ಟುಕೊಂಡು ಚಳಿಗಾಲ ತಳ್ಳುತ್ತಿದ್ದಾರೆ, ಯಾರಿಗೆ ಕೈ ಬಿಗಿಯಾಗಿದೆ, ಎಲ್ಲ ಲೀಟರಿನಲ್ಲೇ ತಿಳಿದುಹೋಗುತ್ತದೆ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಬಿತ್ತಲ್ಲ, ಮಾರ್ಚಿನಲ್ಲಿ ಇಲ್ಲಿ ಎಣ್ಣೆ ಲೀಟರಿಗೆ ಒಂದು ಪೌಂಡು ದಾಟಿ ಓಡಿತು. ಗ್ಯಾಸಿಗೂ ಕರೆಂಟಿಗೂ ಸರ್ಕಾರದ ನಿಯಂತ್ರಕರು ದರದ ಮಿತಿ ಕಟ್ಟಿದ್ದಾರೆ. ಎಣ್ಣೆಗೆ ಅಂಥ ಮಿತಿ ಇಲ್ಲ. ಹಳ್ಳಿಯವರು ಎಲ್ಲೂ ಹಳ್ಳಿಯವರೇ. ಆ ಸಲ ಮೊಟ್ಟೆ ಅಜ್ಜಿ "ನನಗೆ ಬೇಡ, ಇನ್ನೇನು ಬೇಸಿಗೆ ಬಂತು" ಅಂದರು. ಟ್ಯಾಂಕರು ಬಂದಾಗ ಅಜ್ಜಿಯ ಟ್ಯಾಂಕಿಗೂ 500 ಲೀಟರು ಬಿತ್ತು. ದೊಡ್ಡ ಆರ್ಡರಿಗೆ ಕಂಪನಿ ಕೊಟ್ಟ ರಿಯಾಯಿತಿ ಎಂದು ಮೇಜರರು ಮುಖ ಗಂಟು ಹಾಕಿಕೊಂಡೇ ಹೇಳಿದರು. ಅಜ್ಜಿ ನಂಬಿದವರ ಹಾಗೆ ತಲೆಯಾಡಿಸಿದರು. ಅದಾದ ಮೇಲೆ ಕೆಲವು ಮನೆಗಳ ಮೆಟ್ಟಿಲ ಮೇಲೆ ಬೆಳಗಾಗುವಾಗ ಮೊಟ್ಟೆಯ ಡಬ್ಬಿ ಇರುತ್ತಿತ್ತು. ದುಡ್ಡು ಹಾಕಿದ ಮನೆಗಳು ಯಾವುವು ಎಂದು ಅಜ್ಜಿಗೆ ಹೇಗೆ ಗೊತ್ತಾಯಿತೋ ಮೇಜರರಿಗೆ ಇವತ್ತಿಗೂ ಹೊಳೆದಿಲ್ಲ. ಮಿಲಿಟರಿ ರಹಸ್ಯ ಹೀಗೇ ಸೋರುವುದಾದರೆ ಕಷ್ಟ.

ನನ್ನ ಮಾತು ಇಷ್ಟೇ: ಆ ಗ್ಯಾಸಿನ ಪೈಪು, ಒಳಚರಂಡಿ ಪೈಪು ಎರಡೂ ಊರೊಳಕ್ಕೆ ಬಂದಿದ್ದರೆ ಇಲ್ಲಿ ಯಾರಿಗೆ ಯಾರೂ ಪರಿಚಯವಾಗುತ್ತಿರಲಿಲ್ಲ. ಎಣ್ಣೆ ಬರೀ ಪರಿಚಯ ಮಾಡಿಸುತ್ತದೆ. ನಂಟು ಬೆಳೆಸುವುದು ಸೆಪ್ಟಿಕ್ ಟ್ಯಾಂಕು.

ಒಂದೇ ರೈತನ ಮನೆ ಮೂರು ಪಾಲಾಯಿತು ಅಂದೆನಲ್ಲ. ಗೋಡೆ ಪಾಲಾಯಿತು, ಅಂಗಳ ಪಾಲಾಯಿತು, ನೆಲದೊಳಗಿನ ಗುಂಡಿ ಮಾತ್ರ ಪಾಲಾಗಲಿಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಇದು ಸಾಮಾನ್ಯ. ಗುಂಡಿ ಇರುವುದು ಮೇಜರರ ಗುಲಾಬಿ ಪಾತಿಯ ಪಕ್ಕ, ಅದಕ್ಕೆ ಬಂದು ಸೇರುವುದು ಮೂರು ಮನೆಯ ನೀರು. ಮನೆಪತ್ರದಲ್ಲಿ ಖರ್ಚು ಮೂರು ಸಮಪಾಲು ಎಂದು ಬರೆದಿದೆ. ನಮ್ಮ ಮನೆಯಲ್ಲಿ ಮೂರೇ ಜನ ಇದ್ದಷ್ಟು ದಿನ ಸಮಪಾಲಿಗೆ ಯಾರೂ ತಕರಾರು ಎತ್ತಲಿಲ್ಲ. ಅಪ್ಪ ಅಮ್ಮ ಆರು ತಿಂಗಳ ವೀಸಾದಲ್ಲಿ ಬಂದಿಳಿದರು ನೋಡಿ, ಮೇಜರ್ ಸಾಹೇಬರಿಗೆ ಅವರ ಕ್ಷೇಮದ ಮೇಲೆ ಅಪಾರ ಕಾಳಜಿ ಹುಟ್ಟಿತು. ಬೇಲಿಯ ಬಳಿ ಸಿಕ್ಕಾಗಲೆಲ್ಲ, "ತಂದೆಯವರು ಹೇಗಿದ್ದಾರೆ? ಹಸಿವು ಚೆನ್ನಾಗಿದೆಯೇ? ಇಲ್ಲಿನ ನೀರು ಒಗ್ಗಿತೇ? ತಾಯಿಯವರು ದಿನಾ ಸ್ನಾನ ಮಾಡುತ್ತಾರೇನು, ಎಷ್ಟು ಒಳ್ಳೆಯ ಅಭ್ಯಾಸ!" ಅಪ್ಪ ಉಬ್ಬಿಹೋದರು. "ಏನು ಸಜ್ಜನಿಕೆ, ನಮ್ಮ ಕುವೆಂಪುನಗರದಲ್ಲಿ ಇಷ್ಟು ವಿಚಾರಿಸುವವರು ಯಾರಿದ್ದಾರೆ" ಅಂತ ಮೈಸೂರಿಗೆ ಫೋನು ಮಾಡಿ ಹೇಳಿದರು. ಹೆಂಡತಿ ಮಾತ್ರ ಪಲ್ಯಕ್ಕೆ ಹೆಚ್ಚುತ್ತಿದ್ದವಳು ತಲೆ ಎತ್ತದೆ, "ಅವರು ವಿಚಾರಿಸುತ್ತಿರುವುದು ಮಾವನವರನ್ನಲ್ಲ, ಗುಂಡಿಯನ್ನು" ಅಂದಳು.

ಅದೇ ಆಯಿತು. ಮುಂದಿನ ವಾರ ಒಂದು ಸೌಜನ್ಯದ ಪತ್ರ ಬಂತು, ಲಕೋಟೆಯಲ್ಲಿ, ಕೈಬರಹದಲ್ಲಿ, ಪಕ್ಕದ ಮನೆಯಿಂದ. ಸಮಪಾಲಿನ ಪದ್ಧತಿ ಹಿಂದಿನವರ ಕಾಲಕ್ಕೆ ಸರಿಯಾಗಿಯೇ ಇತ್ತೆಂದೂ, ಈಗಿನ ಪರಿಸ್ಥಿತಿಯಲ್ಲಿ ತಲೆಲೆಕ್ಕದಲ್ಲಿ ಹಂಚಿಕೊಳ್ಳುವ ಸಾಧ್ಯತೆಯನ್ನು, ಯಾರಿಗೂ ಬೇಸರವಿಲ್ಲದಿದ್ದರೆ, ಎಂದಾದರೊಂದು ದಿನ ಪರಿಶೀಲಿಸಬಹುದೇನೋ ಎಂದೂ ಬರೆದಿತ್ತು. ಲಂಡನ್ ದಂಪತಿಗೆ ಇದು ಸಂತೋಷದ ಸುದ್ದಿ, ಅವರು ಇಬ್ಬರೇ. ಗುಂಡಿ ಖಾಲಿ ಮಾಡುವ ಟ್ಯಾಂಕರು ಬರುವ ದಿನ ಮೂರೂ ಮನೆಯವರು ಕೂತು ಮಾತಾಡುವುದೆಂದು ತೀರ್ಮಾನವಾಯಿತು.

ಕೂರಲಿಲ್ಲ, ನಿಂತೆವು. ತೆರೆದ ಗುಂಡಿಯ ಸುತ್ತ, ಕೈಯಲ್ಲೊಂದೊಂದು ಚಹಾದ ಮಗ್ಗು ಹಿಡಿದು. ಈ ದೇಶದಲ್ಲಿ ಚಹಾ ಕುಡಿಯಬಾರದ ಜಾಗ ಎಂಬುದೇ ಇಲ್ಲ. ಮುಚ್ಚಳ ಸರಿಸಿದ ಮೇಲೆ ಬಂದ ವಾಸನೆಗೆ ನಾನು ಎರಡು ಹೆಜ್ಜೆ ಹಿಂದೆ ಸರಿದರೆ, ಮೇಜರರು ಒಂದು ಹೆಜ್ಜೆ ಮುಂದೆ ಹೋಗಿ ಬಗ್ಗಿ ನೋಡಿ, "ಪದರ ಚೆನ್ನಾಗಿ ಕಟ್ಟಿದೆ" ಎಂದು ಮೆಚ್ಚಿಕೊಂಡರು. ಮೇಲೆ ಜಿಡ್ಡಿನ ಕೆನೆ, ನಡುವೆ ನೀರು, ತಳದಲ್ಲಿ ಗಸಿ. ಆ ನಡುವಿನ ನೀರು ಮಾತ್ರ ಹರಿದು ಹೋಗಿ, ತೂತು ಪೈಪುಗಳ ಮೂಲಕ ಹೊಲದ ಮಣ್ಣಿಗೆ ಇಂಗಬೇಕು. ಗಸಿ ಹೊರಟು ಪೈಪಿಗೆ ಸಿಕ್ಕಿಕೊಂಡರೆ ಮೂರು ಮನೆಯ ಕತೆಯೂ ಮುಗಿದಂತೆ. ಇಷ್ಟನ್ನೂ ಅಪ್ಪನಿಗೆ ವಿವರಿಸಿದರು. ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿದ್ದವರು. ಪೈಪಿನ ಇಳಿಜಾರು ಎಷ್ಟಿದೆ ಎಂದು ಮರುಪ್ರಶ್ನೆ ಹಾಕಿದರು. ಮೇಜರರ ಮುಖದಲ್ಲಿ ಮೊದಲ ಬಾರಿಗೆ ನಿಜವಾದ ಗೌರವ ಮೂಡಿತು.

ಟ್ಯಾಂಕರಿನ ಚಾಲಕ ಮಾತು ಕಡಿಮೆಯವನು. ದಪ್ಪ ಪೈಪು ಇಳಿಸಿ, ಅರ್ಧ ಗಂಟೆ ಗಡಗಡ ಎಂದು ಹೀರಿ, ಕೊನೆಗೆ ಒಂದು ಕೊಕ್ಕೆಯಿಂದ ಏನನ್ನೋ ಎತ್ತಿ ಹುಲ್ಲಿನ ಮೇಲೆ ಹಾಕಿದ. ಒದ್ದೆ ಒರೆಸುಗಳ ಗುಪ್ಪೆ. ವೆಟ್ ವೈಪು. ಹೆಣೆದುಕೊಂಡು ಜಡೆಯಾಗಿತ್ತು. "ನಿಮಗೆ ತೊಂದರೆ ಜನದಿಂದಲ್ಲ, ಇದರಿಂದ" ಅಂದ. ಎಲ್ಲರೂ ಚಹಾದ ಮಗ್ಗಿನೊಳಗೆ ನೋಡತೊಡಗಿದರು. ನಮ್ಮಮ್ಮ ಅಡುಗೆಮನೆಯ ಕಿಟಕಿಯಿಂದಲೇ ಎಲ್ಲ ಗ್ರಹಿಸಿಬಿಟ್ಟು, ಬಚ್ಚಲಿನಿಂದ ತಮ್ಮ ಹಿತ್ತಾಳೆ ಚೊಂಬು ತಂದು, ಒಂದು ಮಾತೂ ಆಡದೆ, ಎಲ್ಲರಿಗೂ ಕಾಣುವ ಹಾಗೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಅರ್ಥ ಎಷ್ಟು ಜನಕ್ಕಾಯಿತೋ! ಲಂಡನ್ ದಂಪತಿಗಳು ಹವಾಮಾನದ ಬಗ್ಗೆ ಮಾತು ತೆಗೆದರು. ಖರ್ಚು ಸಮಪಾಲಿನಲ್ಲೇ ಉಳಿಯಿತು.

ಆದರೆ ಗುಂಡಿಯ ಪುರಾಣ ಅಷ್ಟಕ್ಕೇ ಮುಗಿಯುವಂಥದಲ್ಲ. ಸೆಪ್ಟಿಕ್ ಟ್ಯಾಂಕಿನ ನೀರನ್ನು ಹಳ್ಳಕ್ಕೋ ನದಿಗೋ ನೇರ ಬಿಡುವಂತಿಲ್ಲ, 2020ರ ಜನವರಿ 1ರೊಳಗೇ ಸರಿಪಡಿಸಿಕೊಂಡಿರಬೇಕಿತ್ತು ಎಂದು ಇಂಗ್ಲೆಂಡಿನಲ್ಲಿ ನಿಯಮವಿದೆ. ಒಂದೋ ಮಣ್ಣಿಗೆ ಇಂಗಿಸಬೇಕು, ಇಲ್ಲವೇ ನೀರು ಶುದ್ಧಿ ಮಾಡುವ ಸಣ್ಣ ಯಂತ್ರ ಹೂಳಬೇಕು. ನಮ್ಮದು ಮಣ್ಣಿಗೇ ಹೋಗುತ್ತದೆ, ಆದರೂ ಆ ಮಣ್ಣು ಇನ್ನೆಷ್ಟು ವರ್ಷ ಕುಡಿದೀತು ಎಂಬ ಸಂಶಯ ಬಂದು, ಮುಂದಾಲೋಚನೆಯಿಂದ ಯಂತ್ರದ ಚರ್ಚೆ ಶುರುವಾಗಿದೆ. ಹಣ ಹೇಗೋ ಹೊಂದಿಸಬಹುದು. ಸಿಕ್ಕಿಕೊಂಡಿರುವುದು ಬೇರೆ ಕಡೆ: ಯಂತ್ರಕ್ಕೆ ಗಾಳಿ ಊದಲು ಹಗಲೂ ರಾತ್ರಿ ಓಡುವ ಒಂದು ಪಂಪು ಬೇಕು, ಅದರ ವೈರನ್ನು ಯಾರ ಮನೆಯ ಮೀಟರಿಗೆ ಕೊಡುವುದು? ಎಲ್ಲರೂ ನಮ್ಮ ಮನೆಯಿಂದಲೇ ತೆಗೆದುಕೊಳ್ಳಿ ಅನ್ನುತ್ತಾರೆ, ತೆಗೆದುಕೊಳ್ಳಲಿಕ್ಕೆ ಮಾತ್ರ ಯಾವ ಮನೆಯಲ್ಲೂ ಪ್ಲಗ್ಗು ಅನುಕೂಲದ ಜಾಗದಲ್ಲಿಲ್ಲ.

ಇನ್ನೊಂದು ತಮಾಷೆ. ವೈ ನದಿಯ ಕಣಿವೆಯಲ್ಲಿ, ಅಂದರೆ ನಮ್ಮ ಸುತ್ತಮುತ್ತ, 2 ಕೋಟಿಗೂ ಮಿಕ್ಕಿ ಕೋಳಿಗಳಿವೆ ಎಂಬುದು ಎಲ್ಲರೂ ಹೇಳುವ ಲೆಕ್ಕ. ಅವುಗಳ ಗೊಬ್ಬರದ ರಂಜಕ ಹೊಲಕ್ಕೆ ಹೋಗಿ, ಹೊಲದಿಂದ ಮಳೆಯಲ್ಲಿ ನದಿಗಿಳಿದು, ನೀರು ಬೇಸಿಗೆಯಲ್ಲಿ ಬಟಾಣಿ ಸೂಪಿನ ಬಣ್ಣಕ್ಕೆ ತಿರುಗುತ್ತದೆ. ಕೊಳೆ ಹೆಚ್ಚಿತೆಂದು ಲಗ್ ನದಿಯ ಸೀಮೆಯಲ್ಲಿ 2019ರಲ್ಲಿ ಹೊಸ ಮನೆ ಕಟ್ಟುವುದಕ್ಕೇ ತಡೆ ಬಿತ್ತು. ಕೋಳಿ ಶೆಡ್ಡುಗಳ ಮಾಲೀಕರನ್ನು ಯಾರಾದರೂ ಹಸಿವು ಹೇಗಿದೆ ಎಂದು ಕೇಳಿದ್ದನ್ನು ನಾನು ನೋಡಿಲ್ಲ.

ಕಸದ ವಿಷಯ ಜಾಸ್ತಿ ಎಳೆಯುವುದಿಲ್ಲ. ಒಂದೊಂದು ಬಣ್ಣದ ತೊಟ್ಟಿಗೆ ಒಂದೊಂದು ವಾರ, ಹಬ್ಬದ ರಜೆ ಬಂದರೆ ಒಂದು ದಿನ ಮುಂದಕ್ಕೆ. ಪಂಚಾಂಗ ನೋಡದೆ ಏಕಾದಶಿ ಹೇಳಬಹುದು, ಇದನ್ನು ಹೇಳಲಾಗದು. ಹಾಗಾಗಿ ರಸ್ತೆಯವರೆಲ್ಲ ಮೇಜರರ ಬಾಗಿಲು ನೋಡಿಕೊಂಡು ತೊಟ್ಟಿ ಹೊರಗಿಡುವುದು. ಒಂದು ಕ್ರಿಸ್‌ಮಸ್ಸಿನಲ್ಲಿ ಮೇಜರರು ಮಗಳ ಮನೆಗೆ ಹೋಗುವ ಆತುರದಲ್ಲಿ ತಪ್ಪು ಬಣ್ಣದ್ದನ್ನು ಇಟ್ಟುಹೋದರು. ಇಡೀ ಬೀದಿ ಅದೇ ಬಣ್ಣ ಇಟ್ಟುಕೊಂಡು ಹೊಸ ವರ್ಷದವರೆಗೆ ಕಾದಿತು. ವಾಪಸು ಬಂದಾಗ ಯಾರೂ ಚಕಾರ ಎತ್ತಲಿಲ್ಲ.

ಜಗಳವೇ ಇಲ್ಲವೇ ಅಂತ ಕೇಳಿದಿರಾ? ಇದೆ. ಅದಕ್ಕೊಂದು ಮರ ಇದೆ. ಲೇಲ್ಯಾಂಡೈ. ಅಮೆರಿಕದ ಪಶ್ಚಿಮ ಕರಾವಳಿಯ ಎರಡು ಜಾತಿಯ ಸೈಪ್ರೆಸ್ ಮರಗಳು, ಸ್ವಂತ ನೆಲದಲ್ಲಿ ಒಂದರ ಮುಖ ಇನ್ನೊಂದು ನೋಡದವು, ನಮ್ಮ ಗಡಿಯಾಚೆ ವೇಲ್ಸಿನ ಲೇಟನ್ ಹಾಲ್ ಎಂಬ ಜಮೀನ್ದಾರರ ತೋಟದಲ್ಲಿ ಅಕ್ಕಪಕ್ಕ ನಿಂತು, 1888ರಲ್ಲಿ ಈ ಸಂಕರ ಸಂತಾನಕ್ಕೆ ಜನ್ಮ ಕೊಟ್ಟವು. ವರ್ಷಕ್ಕೆ ಒಂದು ಮೀಟರಿನ ಹತ್ತಿರ ಬೆಳೆಯುತ್ತದೆ. ಪಕ್ಕದ ಮನೆಯವರ ಮುಖ ಬೇಗ ಮರೆಯಾಗಲೆಂದು ಬೇಲಿಗೆ ನೆಟ್ಟವರಿಗೆ, ಸೂರ್ಯನೂ ಮರೆಯಾಗುತ್ತಾನೆಂಬುದು ತಡವಾಗಿ ತಿಳಿಯಿತು. ನೆರೆಹೊರೆಯವರು ಕೋರ್ಟು, ಪೊಲೀಸು, ಕೈಕೈ ಮಿಲಾಯಿಸುವ ತನಕ ಹೋದ ಮೇಲೆ 2003ರ ಕಾಯ್ದೆಯೊಂದರಲ್ಲಿ ಎತ್ತರದ ಬೇಲಿಗೇ ಒಂದು ಭಾಗ ಸೇರಿಸಿದರು. 2005ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಎರಡಾದರೂ ನಿತ್ಯಹಸಿರು ಗಿಡ ಸಾಲಾಗಿರಬೇಕು, ಎರಡು ಮೀಟರು ಮೀರಿರಬೇಕು, ಬೆಳಕಿಗೆ ಅಡ್ಡವಾಗಿರಬೇಕು. ದೂರು ಕೊಡುವ ಮುಂಚೆ ಮಾತಾಡಿ ಬಗೆಹರಿಸಿಕೊಳ್ಳಲು ಪ್ರಯತ್ನಪಟ್ಟಿದ್ದೀರಿ ಎಂಬುದಕ್ಕೆ ಪುರಾವೆ ಬೇಕು. ಜಿಲ್ಲೆಯ ಕೌನ್ಸಿಲ್ಲಿಗೆ ಶುಲ್ಕವನ್ನೂ ಕಟ್ಟಬೇಕಾಗುತ್ತದೆ.

ಈ ಪುರಾವೆಯ ಷರತ್ತಿನಿಂದ ಆಗಿರುವ ಲಾಭ ಏನೆಂದರೆ, ಪರಸ್ಪರ ಮಾತು ಬಿಟ್ಟವರೂ ಕಾಗದ ಬರೆಯುತ್ತಲೇ ಇರಬೇಕು. ರಸ್ತೆಯ ಕೊನೆಯಲ್ಲಿ ಒಬ್ಬ ನಿವೃತ್ತ ಮೇಡಂ, ಅವರ ಪಕ್ಕದಲ್ಲಿ ಸೈಡರ್ ತೋಟದವರು. ಮೇಡಂ ಬರೆಯುತ್ತಾರೆ: ನಿಮ್ಮ ಮರಗಳು ಎಷ್ಟು ಸಮೃದ್ಧವಾಗಿ ಬೆಳೆದಿವೆ, ನಮ್ಮ ಊಟದ ಕೋಣೆಯಲ್ಲಿ ಮಧ್ಯಾಹ್ನವೇ ದೀಪ ಹಚ್ಚುವ ಸಂಭ್ರಮ. ತೋಟದವರು ಬರೆಯುತ್ತಾರೆ: ಮೆಚ್ಚಿಕೊಂಡದ್ದಕ್ಕೆ ಧನ್ಯವಾದ, ಹಕ್ಕಿ ಗೂಡು ಕಟ್ಟಿರುವುದರಿಂದ ಈಗ ಕೈ ಹಚ್ಚುವಂತಿಲ್ಲ. ಇದೂ ಕಾನೂನೇ. ಗೂಡಿನಲ್ಲಿ ಸಂಸಾರವಿರುವಾಗ ಅದಕ್ಕೆ ಬೇಕೆಂದು ಹಾನಿ ಮಾಡುವುದು 1981ರ ಕಾಯ್ದೆಯಂತೆ ಅಪರಾಧ. ಹೊಲದ ಬೇಲಿಗಳಿಗಂತೂ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕತ್ತರಿಯೇ ತಾಗಿಸುವಂತಿಲ್ಲ. ಸೆಪ್ಟೆಂಬರು ಬಂದರೆ ಸೇಬು ಕೀಳುವ ಕಾಲ, ತೋಟದವರಿಗೆ ಪುರುಸೊತ್ತಿಲ್ಲ. ಅದು ಮುಗಿಯುವಷ್ಟರಲ್ಲಿ ಮಳೆ. ಮೇಡಂ ತಮ್ಮ ಕಡೆಗೆ ಬಾಗಿದ ಕೊಂಬೆಯನ್ನು ಗಡಿಯ ತನಕ ತಾವೇ ಕತ್ತರಿಸಬಹುದು, ಅಷ್ಟು ಹಕ್ಕಿದೆ. ಆದರೆ ಕತ್ತರಿಸಿದ ಕೊಂಬೆ ಮರದ ಯಜಮಾನರ ಸೊತ್ತು. ಹಾಗಾಗಿ ಅವರು ಕೊಂಬೆಗಳನ್ನು ಕಟ್ಟು ಕಟ್ಟಿ, ಹಗ್ಗ ಬಿಗಿದು, "ಇದು ತಮ್ಮದು" ಎಂಬ ಚೀಟಿ ಸಿಕ್ಕಿಸಿ ತೋಟದವರ ಗೇಟಿನ ಮುಂದೆ ಒರಗಿಸಿ ಬರುತ್ತಾರೆ. ಇಬ್ಬರೂ ಭಾನುವಾರ ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಏಕೆಂದರೆ ಚಳಿಗಾಲದಲ್ಲಿ ಹೀಟರು ಇರುವುದು ಆ ಬೆಂಚಿನ ಹತ್ತಿರ.

ಮೇಲಿನ ನ್ಯಾಯಸ್ಥಾನ ಪ್ಯಾರಿಷ್ ಕೌನ್ಸಿಲ್. 1894ರ ಕಾಯ್ದೆಯಿಂದ ಹುಟ್ಟಿದ್ದು, ಇಂಗ್ಲೆಂಡಿನಲ್ಲಿ ಇಂಥವು ಸುಮಾರು 10,000 ಇವೆ. ಅಧಿಕಾರ ಕೇಳಬೇಡಿ: ಬೆಂಚು, ಬಸ್ ನಿಲ್ದಾಣದ ಸೂರು, ಸ್ಮಶಾನ, ಕಾಲುದಾರಿ. ಮನೆ ಕಟ್ಟಲು ಅನುಮತಿ ಕೊಡುವುದು ಮೇಲಿನ ಕೌನ್ಸಿಲ್ಲು. ಇವರು ಅಭಿಪ್ರಾಯ ಹೇಳಬಹುದು, ಅಷ್ಟೇ. ಅಧಿಕಾರ ಕಡಿಮೆಯಾದಷ್ಟೂ ಆವೇಶ ಜಾಸ್ತಿ ಎಂಬುದಕ್ಕೆ ಚೆಶೈರಿನ ಹ್ಯಾಂಡ್‌ಫೋರ್ತ್ ಪ್ಯಾರಿಷ್ಷಿನ 2020ರ ಡಿಸೆಂಬರಿನ ಜೂಮ್ ಸಭೆಯೇ ಸಾಕ್ಷಿ. ಜಾಕಿ ವೀವರ್ ಎಂಬ ಮಹಿಳೆ ಸಭೆ ನಡೆಸಿಕೊಡಲು ಬಂದು, ನಿಮಗಿಲ್ಲಿ ಅಧಿಕಾರವಿಲ್ಲವೆಂದು ಕೂಗಾಡಿದ ಅಧ್ಯಕ್ಷರನ್ನೇ ಒಂದು ಗುಂಡಿ ಒತ್ತಿ ಹೊರಗೆ ಹಾಕಿಬಿಟ್ಟರು. ವಿಡಿಯೊ 2021ರ ಫೆಬ್ರುವರಿಯಲ್ಲಿ ಲೋಕವೆಲ್ಲ ಸುತ್ತಿತು. ಪಟ್ಟಣದವರು ಬಿದ್ದುಬಿದ್ದು ನಕ್ಕರು. ಹಳ್ಳಿಯವರು ಯಾರೂ ನಗಲಿಲ್ಲ. ಇದರಲ್ಲಿ ವಿಶೇಷವೇನಿದೆ ಎಂದು ಕೇಳಿದರು.

ನಮ್ಮ ಕೌನ್ಸಿಲ್ಲು ಕಳೆದ ಸಲ ಬಸ್ ನಿಲ್ದಾಣದ ಸೂರಿಗೆ ಯಾವ ಹೆಂಚು ಎಂದು ಗಂಟೆಗಟ್ಟಲೆ ಚರ್ಚಿಸಿತು. ಬಸ್ಸು ಬರುವುದು ವಾರಕ್ಕೆ ಎರಡು ದಿನ. ಎಷ್ಟು ದೂರ ಹೋದರೂ ಒಂದು ಕಡೆಯ ಟಿಕೆಟ್ಟು 3 ಪೌಂಡು ಮೀರಬಾರದು ಎಂದು ಸರ್ಕಾರ 2025ರಿಂದ ಮಿತಿ ಹಾಕಿದೆ. ದರಕ್ಕೆ ಮಿತಿ ಹಾಕುವ ಮೊದಲೇ ಬಸ್ಸಿಗೆ ಮಿತಿ ಬಿದ್ದಿತ್ತು. ಆಚೆ ಕಡೆ ಕೆಂಪು ಟೆಲಿಫೋನ್ ಗೂಡು ಇದೆ, ಗೈಲ್ಸ್ ಗಿಲ್ಬರ್ಟ್ ಸ್ಕಾಟ್ 1935ರಲ್ಲಿ ರೂಪಿಸಿದ ಮಾದರಿಯದು. ಇಂಥ ಗೂಡುಗಳನ್ನು ಬ್ರಿಟಿಷ್ ಟೆಲಿಕಾಂ 2008ರಿಂದ ಊರಿನವರಿಗೆ ಒಂದೇ ಪೌಂಡಿಗೆ ಕೊಟ್ಟುಬಿಡುತ್ತಿದೆ. ನಮ್ಮದರಲ್ಲಿ ಒಂದು ಬದಿ ತಾಳ ತಪ್ಪಿದ ಹೃದಯವನ್ನು ಸರಿದಾರಿಗೆ ತರುವ ಯಂತ್ರ, ಇನ್ನೊಂದು ಬದಿ ಓದಿ ಬಿಟ್ಟ ಪತ್ತೇದಾರಿ ಕಾದಂಬರಿ. ಕೊನೆಯ ಪುಟ ಯಾರೋ ಹರಿದಿಟ್ಟುಕೊಂಡಿರುವುದರಿಂದ ಯಂತ್ರದ ಅಗತ್ಯ ಬಿದ್ದೀತೆಂದು ಹೆಂಡತಿಯ ಅಂದಾಜು.

ಇದನ್ನೆಲ್ಲ ಹೇಳಿ ನಗುತ್ತೇನೆ ಅಷ್ಟೇ. ಈ ಜನ ಮನಸ್ಸು ಮಾಡಿದರೆ ಮಾಡುವುದನ್ನು ನೋಡಿದರೆ ನಗು ಅಲ್ಲೇ ನಿಲ್ಲುತ್ತದೆ. ಉತ್ತರದ ಲ್ಯಾಂಕಶೈರಿನ ಹಳ್ಳಿಗಳಿಗೆ ವೇಗದ ಇಂಟರ್ನೆಟ್ಟು ಎಳೆಯಲು ದೊಡ್ಡ ಕಂಪನಿಗಳು ಮೀನಮೇಷ ಎಣಿಸುತ್ತ ಕೂತಾಗ, 2011ರಲ್ಲಿ ಊರಿನವರೇ ಬಾರ್ನ್ ಎಂಬ ಸಂಸ್ಥೆ ಕಟ್ಟಿಕೊಂಡರು. ರಸ್ತೆ ಅಗೆಯುವುದು ದುಬಾರಿ, ಹೊಲ ಅಗೆಯುವುದು ಅಗ್ಗ. ರೈತರು ಬಾಡಿಗೆ ಕೇಳದೆ ಹೊಲದಲ್ಲಿ ದಾರಿ ಬಿಟ್ಟರು, ಯಂತ್ರವಿದ್ದವರು ಯಂತ್ರ ತಂದರು, ಇಲ್ಲದವರು ಗುದ್ದಲಿ ಹಿಡಿದರು, ಅದೂ ಆಗದ ವಯಸ್ಸಾದವರು ಕೇಕು ಮಾಡಿ ಹಂಚಿದರು. ಸೆಕೆಂಡಿಗೆ 1,000 ಮೆಗಾಬಿಟ್ ವೇಗ, ತಿಂಗಳಿಗೆ 30 ಪೌಂಡು ಎಂಬ ಲೆಕ್ಕದಲ್ಲಿ ಶುರುವಾಯಿತು. ಕುರಿ ಮೇಯುವ ಗುಡ್ಡದ ಮೇಲೆ ಕೂತವನಿಗೆ ಲಂಡನ್ನಿನವನಿಗಿಂತ ಚುರುಕಾದ ನೆಟ್ಟು. ಲ್ಯಾಪ್‌ಟಾಪಿನ ಸುರುಳಿ ತಿರುಗುವುದನ್ನೇ ನೋಡುತ್ತ ಕೂರುವ ನನಗೆ ಹೊಟ್ಟೆಕಿಚ್ಚು ಬರುವುದು ಆ ಕುರಿಗಳ ಮೇಲೆ.

ತರಕಾರಿಯ ಬಗ್ಗೆ ಹೇಳದೆ ಬಿಟ್ಟರೆ ಆಗಸ್ಟ್ ತಿಂಗಳಿಗೆ ದ್ರೋಹ ಮಾಡಿದಂತೆ. ಆಗಸ್ಟಿನಲ್ಲಿ ಕೋರ್ಜೆಟ್ಟು, ಅಂದರೆ ಎಳೆ ಸೀಮೆಗುಂಬಳ, ಎಲ್ಲರ ಹಿತ್ತಿಲಲ್ಲೂ ಹೊರೆಗಟ್ಟಲೆ ಬಿಡುತ್ತದೆ. ಬಾಗಿಲು ಬಡಿದು ಕೊಟ್ಟರೆ ಬೇಡವೆಂದಾರು ಎಂದು ರಾತ್ರಿ ಹೊತ್ತು ಮೆಟ್ಟಿಲ ಮೇಲೆ ಇಟ್ಟು ಓಡಿಹೋಗುತ್ತಾರೆ. ಕಾರಿನ ಗಾಜು ಏರಿಸದೆ ನಿಲ್ಲಿಸಿದರೆ ಹಿಂದಿನ ಸೀಟಿನಲ್ಲಿ ನಾಲ್ಕು. ಅಮ್ಮ ಇಲ್ಲಿದ್ದ ವರ್ಷ ಊರಿನವರ ಸಂಕಟ ನೀಗಿತು. ಬಂದದ್ದೆಲ್ಲ ಮಜ್ಜಿಗೆಹುಳಿ, ಬಜ್ಜಿಯಾಯಿತು, ಸಿಪ್ಪೆ ಚಟ್ನಿಯಾಯಿತು. ಮೇಜರರು ಮಜ್ಜಿಗೆಹುಳಿ ತಿಂದು, ಇದು ನನ್ನ ಕೋರ್ಜೆಟ್ಟೇ ಎಂದು ನಂಬಲಾಗದೆ ಎರಡನೇ ಸಲ ಹಾಕಿಸಿಕೊಂಡರು. ಗುಂಡಿಯ ಪ್ರಸ್ತಾಪ ಯಾರೂ ಮಾಡಲಿಲ್ಲ.

ಮೊಟ್ಟೆ ಅಜ್ಜಿಯ ಗೇಟಿನ ಬಳಿ ಪೆಟ್ಟಿಗೆಯಲ್ಲಿ ಮೊಟ್ಟೆ, ಪಕ್ಕದಲ್ಲಿ ಹಳೇ ಬಿಸ್ಕತ್ತಿನ ಡಬ್ಬಿ. ತೆಗೆದುಕೊಂಡವರು ದುಡ್ಡು ಹಾಕಿಹೋಗಬೇಕು, ಕಾವಲು ಯಾರೂ ಇಲ್ಲ. ಕಾವಲಿಲ್ಲ ಎಂದವರು ಎದುರು ಕಿಟಕಿಯ ಪರದೆ ನೋಡಿಲ್ಲ. ನೆರೆಯವರೇ ನೆರೆಯನ್ನು ಕಾಯುವ ನೇಬರ್‌ಹುಡ್ ವಾಚ್ ಎಂಬ ಪದ್ಧತಿ ಬ್ರಿಟನ್ನಿನಲ್ಲಿ 1982ರಲ್ಲಿ ಚೆಶೈರಿನ ಮಾಲಿಂಗ್ಟನ್ ಹಳ್ಳಿಯಲ್ಲಿ ಶುರುವಾಯಿತಂತೆ; ಅಧಿಕೃತವಾಗಿ ಶುರುವಾಯಿತು ಅನ್ನಬೇಕು. ಅಜ್ಜಿಯ ಕೋಳಿ ಮೂರೇ ಮೂರು. ಹಕ್ಕಿಜ್ವರದ ದೆಸೆಯಿಂದ 2024ರ ಅಕ್ಟೋಬರಿನಿಂದ ಒಂದೇ ಕೋಳಿ ಸಾಕಿದರೂ ಸರ್ಕಾರದಲ್ಲಿ ನೋಂದಾಯಿಸಬೇಕು ಎಂದಾಯಿತು. ಅಜ್ಜಿಗೆ ಕಂಪ್ಯೂಟರು ಬಾರದು, ನಾನೇ ಕೂತು ಅರ್ಜಿ ತುಂಬಿದೆ. ಕೋಳಿಗಳನ್ನು ಸಾಕುವ ಉದ್ದೇಶವೇನು ಎಂಬ ಕಾಲಮ್ಮಿಗೆ ಬಂದಾಗ ಅಜ್ಜಿ ಬಹಳ ಹೊತ್ತು ಯೋಚಿಸಿ, "ಮಾತಾಡಲಿಕ್ಕೆ" ಅಂದರು. ಆ ಆಯ್ಕೆ ಪಟ್ಟಿಯಲ್ಲಿರಲಿಲ್ಲ. ಮೊಟ್ಟೆಗಾಗಿ ಎಂದು ಗುರುತು ಹಾಕಿದೆ.

ಈಗ ಎಲೆ ಉದುರುವ ಕಾಲ. ಸೂರಿನ ನೀರುದಾರಿಗಳೆಲ್ಲ ಕಟ್ಟಿಕೊಂಡಿವೆ, ಎಲ್ಲರಿಗೂ ಏಣಿ ಬೇಕು. ಊರಿಗೊಂದೇ ಉದ್ದನೆಯ ಏಣಿ. ಕೊಂಡವರು ಲಂಡನ್ ದಂಪತಿ; ಬಂದ ಹೊಸದರಲ್ಲಿ ಒಮ್ಮೆ ಎರವಲು ಕೊಟ್ಟರು, ಮತ್ತೆ ಅವರು ಅದನ್ನು ಕಂಡದ್ದಿಲ್ಲ. ಈ ಸಲ ನಾನೇ ಹುಡುಕಿಕೊಂಡು ಹೊರಟೆ. ಮೇಜರರು ಮೇಡಂಗೆ ಕೊಟ್ಟಿದ್ದರು, ಮೇಡಂ ಕೊಂಬೆ ಕತ್ತರಿಸಿದ ಮೇಲೆ ಸೈಡರ್ ತೋಟದವರು ಮರಳಿಸುವ ನೆಪದಲ್ಲಿ ವಶಪಡಿಸಿಕೊಂಡಿದ್ದರು, ಅವರಿಂದ ಚರ್ಚಿನ ಗಂಟೆ ಸರಿಪಡಿಸಲು ಪಾದ್ರಿಗಳು ಒಯ್ದಿದ್ದರು. ಪಾದ್ರಿಗಳಿಗೆ ಫೋನು ಮಾಡಿದೆ. ಇಲ್ಲಿ ಹಳ್ಳಿಗೊಬ್ಬ ಪಾದ್ರಿ ಇದ್ದ ಕಾಲ ಹೋಯಿತು, ನಮ್ಮವರಿಗೆ ಆರು ಚರ್ಚುಗಳ ಉಸ್ತುವಾರಿ. ಏಣಿ ಖಂಡಿತ ಚರ್ಚಿನಲ್ಲೇ ಇದೆ, ಚಿಂತೆ ಬೇಡ ಎಂದರು. ಯಾವ ಚರ್ಚಿನಲ್ಲಿ ಎಂದು ಮುಂದಿನ ತಿಂಗಳು ಎಲ್ಲ ಕಡೆ ಪೂಜೆ ಮುಗಿಸಿ ಬಂದು ಹೇಳುತ್ತಾರಂತೆ.